‘ಬ್ಯಾಡ’ ಎಂಬುದರ ಧ್ವನಿ: ಹಿರಿಯರು, ಲಸಿಕೆ ಮತ್ತು ಗಡಿನಾಡಿನ ಮಾತು

ಕಾವ್ಯಮೀಮಾಂಸೆಯ ತರಗತಿಯಲ್ಲಿ ಧ್ವನಿತತ್ತ್ವವನ್ನು ಬೋಧಿಸುವಾಗ ಆನಂದವರ್ಧನನ ಒಂದು ವಿಚಾರವನ್ನು ಪ್ರತಿವರ್ಷವೂ ಬಿಡಿಸಿ ಹೇಳಬೇಕಾಗುತ್ತದೆ. ವಾಚ್ಯಾರ್ಥವು ವಿಧಿಯಾಗಿದ್ದರೂ ವ್ಯಂಗ್ಯಾರ್ಥವು ನಿಷೇಧವಾಗಬಹುದು. ವಾಚ್ಯವು ನಿಷೇಧವಾಗಿದ್ದರೂ ವ್ಯಂಗ್ಯವು ವಿಧಿಯಾಗಬಹುದು. ಬಾಯಿ ‘ಬೇಡ’ ಎನ್ನುತ್ತದೆ, ಮಾತಿನ ಒಳಗು ‘ಬೇಕು’ ಎನ್ನುತ್ತದೆ. ಧ್ವನ್ಯಾಲೋಕದ ಮೊದಲ ಉದ್ದ್ಯೋತದಲ್ಲಿ ಇದಕ್ಕೆ ಕೊಟ್ಟಿರುವ ಪ್ರಾಕೃತ ಗಾಹೆಗಳು ಶೃಂಗಾರದವಾದ್ದರಿಂದ ವಿದ್ಯಾರ್ಥಿಗಳು ನಗುತ್ತಾರೆ, ಬೇಗ ನೆನಪಿಟ್ಟುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಈ ವರ್ಷ ಬಿ.ಎ. ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಸರ್, ಇದು ಕಾವ್ಯದಾಗ ಅಷ್ಟ ಬರತದೇನ್ರಿ, ನಮ್ಮ ಮನ್ಯಾಗ ಬರಂಗಿಲ್ಲೇನ್ರಿ?” ಎಂದು ಕೇಳಿದಳು. ನಾನು ಕಾಕು, ವಕ್ತೃವೈಶಿಷ್ಟ್ಯ, ಪ್ರಕರಣ ಎಂದು ಪುಸ್ತಕದ ಉತ್ತರ ಕೊಟ್ಟು ಗಂಟೆ ಮುಗಿಸಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ದೊಡ್ಡವ್ವನ ನೆನಪಾಯಿತು. ಅಂದು ತರಗತಿಯಲ್ಲಿ ಹೇಳದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

2021ರ ಮಾರ್ಚ್ 1ರಿಂದ ನಮ್ಮ ದೇಶದಲ್ಲಿ 60 ವರ್ಷ ದಾಟಿದ ಎಲ್ಲರಿಗೂ ಕೋವಿಡ್ ಲಸಿಕೆ ಕೊಡಲಾರಂಭಿಸಿದರು. ಅಕ್ಕಲಕೋಟೆ ತಾಲ್ಲೂಕಿನ ನಮ್ಮೂರಿನಲ್ಲಿ ದೊಡ್ಡವ್ವ ಆಗ ಎಪ್ಪತ್ತರ ಮೇಲಿದ್ದಳು. ನಾನು ಫೋನು ಮಾಡಿ, “ದೊಡ್ಡವ್ವಾ, ಲಸಿಕೆ ಹಾಕಿಸ್ಕೋ, ನಾ ಬಂದು ಕರಕೊಂಡು ಹೋಗ್ತೀನಿ” ಎಂದೆ. ಅವಳು, “ನನಗ್ಯಾಕೋ ತಮ್ಮಾ, ನಾ ಇನ್ನ ಎಷ್ಟ ದಿನ ಇರಾಕಿ? ಬ್ಯಾಡ. ಹುಡುಗರಿಗೆ ಹಾಕಸ್ರಿ” ಎಂದಳು. ಎರಡು ಸಲ ಕೇಳಿದೆ. ಎರಡೂ ಸಲ ಅದೇ ಉತ್ತರ. ಹಟಮಾರಿ ಮುದುಕಿ, ಹೇಳಿದರೆ ಕೇಳುವುದಿಲ್ಲ ಎಂದು ಮನೆಯವರ ಮುಂದೆ ಬೇಸರಪಟ್ಟು ಸುಮ್ಮನಾದೆ. ಏಪ್ರಿಲ್ ಕೊನೆಯ ವಾರದಲ್ಲಿ ಅವಳಿಗೆ ಜ್ವರ ಬಂತು. ಮೇ ತಿಂಗಳ ಮೊದಲ ವಾರದಲ್ಲಿ ಹೋದಳು. ಲಸಿಕೆ ಹಾಕಿಸಿದ್ದರೆ ಉಳಿಯುತ್ತಿದ್ದಳೆಂದು ನಾನು ಖಚಿತವಾಗಿ ಹೇಳಲಾರೆ. ಆದರೆ ದಿನಕರ್ಮ ಮುಗಿದ ಮೇಲೆ ಪಕ್ಕದ ಮನೆಯ ಹೆಣ್ಣುಮಗಳು ಹೇಳಿದ ಮಾತು ಬೇರೆಯೇ ಆಗಿತ್ತು. ದೊಡ್ಡವ್ವನಿಗೆ ಲಸಿಕೆ ಬೇಡವಾಗಿರಲಿಲ್ಲ. ಅವಳಿಗೆ ಮೂತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಲಸಿಕೆಯ ಕೇಂದ್ರದಲ್ಲಿ ತಾಸುಗಟ್ಟಲೆ ಕೂರಬೇಕು, ಹೆಂಗಸರಿಗೆ ಸರಿಯಾದ ಪಾಯಖಾನೆ ಇರುತ್ತದೋ ಇಲ್ಲವೋ, ತಮ್ಮನ ಮಗನ ಗಾಡಿಯಲ್ಲಿ ಕುಳಿತು ಅವನಿಗೆ ಇದನ್ನು ಹೇಗೆ ಹೇಳುವುದು? ಇದಿಷ್ಟನ್ನೂ ಅವಳು ‘ಬ್ಯಾಡ’ ಎಂಬ ಎರಡಕ್ಷರದಲ್ಲಿ ನನಗೆ ಹೇಳಿದ್ದಳು. ಧ್ವನಿಯನ್ನು ಇಪ್ಪತ್ತೈದು ವರ್ಷ ಪಾಠ ಮಾಡಿದವನು ವಾಚ್ಯಾರ್ಥವನ್ನೇ ಹಿಡಿದುಕೊಂಡು ಫೋನು ಇಟ್ಟುಬಿಟ್ಟಿದ್ದೆ.

ಹಿರಿಯರು ಲಸಿಕೆಯನ್ನು ‘ನಿರಾಕರಿಸುತ್ತಾರೆ’ ಎಂದು ನಾವು ಸುಲಭವಾಗಿ ಹೇಳುತ್ತೇವೆ. ನಿರಾಕರಣೆ ಎಂಬುದು ದೊಡ್ಡ ಶಬ್ದ. ವಿಷಯವನ್ನು ತಿಳಿದು, ತೂಗಿ ನೋಡಿ, ಒಲ್ಲೆನೆಂದವರಿಗೆ ಮಾತ್ರ ಅದು ಸಲ್ಲುತ್ತದೆ. ಅಂಥವರು ನಮ್ಮ ಹಳ್ಳಿಗಳಲ್ಲಿ ಇಲ್ಲವೆಂದಲ್ಲ, ಕಡಿಮೆ. ಹೆಚ್ಚಿನವರ ಮುಂದೆ ಇರುವುದು ಅಡೆತಡೆ. ಈ ಶಬ್ದವನ್ನು ಸ್ವಲ್ಪ ಗಮನಿಸಿ: ಕನ್ನಡದಲ್ಲಿ ಅಡ್ಡಿ, ಅಡೆತಡೆ, ಮರಾಠಿಯಲ್ಲಿ ಅಡಥಳಾ. ಎರಡೂ ನುಡಿಯ ಕಿವಿಗೆ ಒಂದೇ ಮನೆಯ ಮಾತಿನಂತೆ ಕೇಳುತ್ತದೆ. ದಾರಿಗೆ ಅಡ್ಡ ಬಿದ್ದ ಕಲ್ಲನ್ನು ಸರಿಸಬಹುದು. ಆದರೆ ಕಲ್ಲು ಯಾವುದೆಂದು ಮೊದಲು ತಿಳಿಯಬೇಕು.

ಹಿರಿಯರಿಗೆ ಸೂಜಿಯ ಭಯ, ಅಜ್ಞಾನ, ಮೂಢನಂಬಿಕೆ ಎನ್ನುವವರು ಅವರ ತೋಳನ್ನು ಒಮ್ಮೆ ನೋಡಬೇಕು. ಐವತ್ತೈದು, ಅರವತ್ತು ದಾಟಿದ ಬಹುಮಂದಿಯ ತೋಳಿನ ಮೇಲೆ ದುಂಡನೆಯ ಗುಳಿಬಿದ್ದ ಕಲೆ ಇರುತ್ತದೆ. ಅದು ಸಿಡುಬಿನ ಲಸಿಕೆಯ ಗುರುತು. ನಮ್ಮ ಕಡೆ ಅದನ್ನು ‘ದೇವಿ ಹಾಕಿಸಿದ ಗುರ್ತು’ ಎನ್ನುತ್ತಾರೆ. ಮರಾಠಿಯಲ್ಲೂ ಸಿಡುಬಿಗೆ ‘ದೇವಿ’ ಎಂದೇ ಹೆಸರು. ರೋಗಕ್ಕೂ ಅದನ್ನು ತಡೆಯುವ ಮದ್ದಿಗೂ ಒಂದೇ ಹೆಸರಾದದ್ದು ಭಾಷಾವಿಜ್ಞಾನದ ವಿದ್ಯಾರ್ಥಿಗೆ ಕುತೂಹಲದ ಸಂಗತಿ. ಬಹುಶಃ ಜನರು ಲಸಿಕೆಯನ್ನು ದೇವಿಗೆ ಎದುರಾಗಿ ನಿಲ್ಲಿಸದೆ, ದೇವಿಯನ್ನೇ ಸ್ವಲ್ಪ ಪ್ರಮಾಣದಲ್ಲಿ ಬರಮಾಡಿಕೊಂಡಂತೆ ಭಾವಿಸಿರಬೇಕು. ವೈದ್ಯದ ದೃಷ್ಟಿಯಿಂದಲೂ ಈ ಕಲ್ಪನೆ ತೀರ ತಪ್ಪಲ್ಲ.

ಇಂಗ್ಲಿಷಿನ ‘ವ್ಯಾಕ್ಸಿನ್’ ಶಬ್ದದ ಹಿಂದೆ ಆಕಳು ನಿಂತಿದೆ. ಲ್ಯಾಟಿನ್ನಿನ ‘ವಾಕ್ಕಾ’ ಎಂದರೆ ಆಕಳು. 1796ರಲ್ಲಿ ಎಡ್ವರ್ಡ್ ಜೆನ್ನರ್ ಗೋಸಿಡುಬಿನ ಕೀವನ್ನು ಬಳಸಿ ಸಿಡುಬು ತಡೆಯಬಹುದೆಂದು ತೋರಿಸಿದ. ನಮ್ಮ ‘ಲಸಿಕೆ’ಯೂ ಮರಾಠಿಯ ‘ಲಸ’ವೂ ದೇಹದ ನೀರಿನಂಥ ದ್ರವವನ್ನು ಸೂಚಿಸುವ ಸಂಸ್ಕೃತ ‘ಲಸೀಕಾ’ದ ಸಂತಾನ. ಭಾರತದಲ್ಲಿ ಮೊದಲ ಸಿಡುಬಿನ ಲಸಿಕೆಯನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ದೇಶದಿಂದ ಸಿಡುಬು ತೊಲಗಿದ್ದು 1975ರಲ್ಲಿ. 1980ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಡೀ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿತು. ಹೀಗೆ ನಮ್ಮ ಅಜ್ಜ ಅಜ್ಜಿಯರು ಲಸಿಕೆಯ ಅತಿ ದೊಡ್ಡ ಗೆಲುವನ್ನು ಮೈಮೇಲೆ ಹೊತ್ತು ತಿರುಗುತ್ತಿದ್ದಾರೆ. ಅವರಿಗೆ ಲಸಿಕೆಯ ಮಹತ್ತ್ವ ತಿಳಿಯದು ಎಂದು ನಾವು ಅವರಿಗೇ ಉಪನ್ಯಾಸ ಕೊಡುತ್ತೇವೆ!

ದೊಡ್ಡವ್ವ ತನ್ನ ಗುರುತಿನ ಕತೆಯನ್ನು ನಮಗೆ ಸಣ್ಣವರಿದ್ದಾಗ ಹೇಳುತ್ತಿದ್ದಳು. ದೇವಿ ಹಾಕುವವರು ಊರಿಗೆ ಬಂದರೆಂದು ಗೊತ್ತಾದ ಕೂಡಲೇ ಹುಡುಗರೆಲ್ಲ ಕಣಕಿ ಬಣವೆಯ ಹಿಂದೆ ಅಡಗುತ್ತಿದ್ದರಂತೆ. ತಾಯಂದಿರೂ ಅಡಗಿಸುತ್ತಿದ್ದರಂತೆ. ಅವಳನ್ನು ಹುಡುಕಿ ಎಳೆದು ತಂದವನು ಸರಕಾರದ ಮನುಷ್ಯನಲ್ಲ, ಅವಳ ಅಪ್ಪ. ಅವಳಿಗಿಂತ ಹಿರಿಯ ಮಗುವೊಂದನ್ನು ದೇವಿಗೆ ಕಳೆದುಕೊಂಡಿದ್ದ ಅಪ್ಪ ಕೈ ಹಿಡಿದುಕೊಂಡು ಕೂತನಂತೆ. ಭಯ ಹೋಗಲಿಲ್ಲ, ಕೈ ಮಾತ್ರ ಇತ್ತು ಎನ್ನುತ್ತಿದ್ದಳು.

ಇನ್ನೂ ಒಂದು ಉದಾಹರಣೆ ನಿಮ್ಮೆಲ್ಲರ ಮನೆಯಲ್ಲಿದೆ. ಕುಡುಗೋಲು ತಾಗಿತು, ತುಕ್ಕು ಹಿಡಿದ ಮೊಳೆ ಚುಚ್ಚಿತು ಎಂದರೆ ಯಾವ ಮುತ್ಯಾನಾದರೂ, “ಕಬ್ಬಿಣ ಹತ್ತೇದ, ಸೂಜಿ ಮಾಡಿಸ್ಕೊಂಡ ಬರ್ತೀನಿ” ಎಂದು ತಾನಾಗಿ ದವಾಖಾನೆಗೆ ಹೋಗುತ್ತಾನೆ. ಅದು ಧನುರ್ವಾಯುವಿನ ಲಸಿಕೆ. (ಮರಾಠಿಯಲ್ಲಿ ಧನುರ್ವಾತ. ಬೆನ್ನು ಬಿಲ್ಲಿನಂತೆ ಬಾಗುವುದರಿಂದ ಬಂದ ಹೆಸರು. ರೂಪಕವು ವೈದ್ಯದ ಹೊಲದಲ್ಲೂ ಬೆಳೆಯುತ್ತದೆ.) ಅದಕ್ಕೆ ಪ್ರಚಾರ ಬೇಕಾಗಿಲ್ಲ, ಒತ್ತಾಯ ಬೇಕಾಗಿಲ್ಲ. ಏಕೆಂದರೆ ಅಲ್ಲಿ ಕಾರಣ ಕಣ್ಣಿಗೆ ಕಾಣುತ್ತದೆ, ಹೆಸರು ಬಾಯಿಗೆ ಒಗ್ಗಿದೆ, ಹೋಗುವ ಜಾಗ ಗೊತ್ತಿದೆ, ಕೊಡುವ ಕೈ ಪರಿಚಯದ್ದು. ಈ ನಾಲ್ಕರಲ್ಲಿ ಯಾವುದು ತಪ್ಪಿದರೂ ಅದೇ ಮುತ್ಯಾ ‘ಬ್ಯಾಡ’ ಎನ್ನುತ್ತಾನೆ.

ಕನ್ನಡ ಐಚ್ಛಿಕದ ವಿದ್ಯಾರ್ಥಿಗಳಿಗೆ ಇದರಲ್ಲಿ ವಿಶೇಷವಾದ ಪಾಲಿರುವುದು ಎರಡನೆಯದರಲ್ಲಿ, ಎಂದರೆ ಹೆಸರಿನಲ್ಲಿ, ಮಾತಿನಲ್ಲಿ. ನಾನು ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ, ಮುಂದೆ ಮರಾಠಿ ಹೈಸ್ಕೂಲಿನಲ್ಲಿ ಓದಿದವನು. ಎರಡು ಭಾಷೆ ಬಲ್ಲವನಿಗೆ ಒಂದು ಅಹಂಕಾರವಿರುತ್ತದೆ: ಎರಡೂ ಕಡೆಯ ಶಬ್ದ ಒಂದೇ ಆಗಿದ್ದರೆ ಅರ್ಥವೂ ಒಂದೇ ಎಂದುಕೊಳ್ಳುತ್ತಾನೆ. 2021ರ ನವೆಂಬರಿನಲ್ಲಿ ಮನೆಮನೆಗೆ ಹೋಗಿ ಲಸಿಕೆ ಬಾಕಿ ಉಳಿದವರನ್ನು ಹುಡುಕುವ ‘ಹರ್ ಘರ್ ದಸ್ತಕ್’ ಅಭಿಯಾನ ನಡೆದಾಗ ಆಶಾ ಕಾರ್ಯಕರ್ತೆಯರ ಜೊತೆ ನಮ್ಮ ಕೆಲವು ವಿದ್ಯಾರ್ಥಿಗಳೂ ಹೋಗಿದ್ದರು. ಆ ತಿರುಗಾಟದಲ್ಲಿ ನನ್ನ ಅಹಂಕಾರ ಮುರಿಯಿತು.

ಒಂದು ಮನೆಯ ಮುತ್ಯಾನಿಗೆ ಎರಡನೆಯ ಡೋಸು ಬಾಕಿ ಎಂದು ಪಟ್ಟಿಯಲ್ಲಿತ್ತು. ಬೇರೆ ಊರಿನಿಂದ ಬಂದಿದ್ದ ಮರಾಠಿ ಮಾತಿನ ಆರೋಗ್ಯ ಸೇವಕಿ ಕೈಯಲ್ಲಿದ್ದ ಅಚ್ಚಿನ ಹಾಳೆ ನೋಡಿ, “ಆಜೋಬಾ, ದುಸರೀ ಮಾತ್ರಾ ಘೇತಲೀ ಕಾ?” ಎಂದು ಗೌರವದಿಂದಲೇ ಕೇಳಿದಳು. ಮುತ್ಯಾ, “ಹೂಂ, ತಗೊಂಡೀನಿ. ಎರಡೂ ತಗೊಂಡೀನಿ” ಎಂದ. ಅವಳು ಮುಂದಿನ ಮನೆಗೆ ಹೊರಟಳು. ನಮ್ಮ ವಿದ್ಯಾರ್ಥಿನಿ ಮಾತ್ರ ನಿಂತು ಕೇಳಿದಳು:

“ಮುತ್ಯಾ, ಯಾವ ಮಾತ್ರಿ ತಗೊಂಡಿ?”

“ಬಿಳೇವು. ಸೂಜಿ ಮಾಡಿದ ದಿನ ಕೊಟ್ಟಿದ್ರಲಾ. ಒಂದ ರಾತ್ರಿ ತಗೊಂಡ್ಯಾ, ಇನ್ನೊಂದ ಮುಂಜಾನಿ.”

ಮರಾಠಿ ಪತ್ರಿಕೆಗಳಲ್ಲಿ, ಸರಕಾರದ ಹಾಳೆಗಳಲ್ಲಿ ‘ಮಾತ್ರಾ’ ಎಂದರೆ ಡೋಸು, ಔಷಧದ ಒಂದು ಪ್ರಮಾಣ. ಕನ್ನಡದ ಕಿವಿಗೆ ಮಾತ್ರೆ ಎಂದರೆ ಗುಳಿಗೆ. ಮುತ್ಯಾ ಜ್ವರದ ಎರಡು ಗುಳಿಗೆಗಳನ್ನು ಸಮಯಕ್ಕೆ ಸರಿಯಾಗಿ ನುಂಗಿದ್ದ. ಸುಳ್ಳು ಹೇಳಿರಲಿಲ್ಲ, ನಿರಾಕರಿಸಿರಲಿಲ್ಲ. ಕೇಳಿದ ಪ್ರಶ್ನೆಗೆ, ತನ್ನ ಭಾಷೆಯಲ್ಲಿ, ಪೂರ್ಣ ಪ್ರಾಮಾಣಿಕವಾದ ಉತ್ತರ ಕೊಟ್ಟಿದ್ದ. ಛಂದಸ್ಸಿನಲ್ಲಿ ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸುವ ಕಾಲ ಎಂದು ನಿಮಗೆ ಕಲಿಸುತ್ತೇವೆ. ಮೂರಕ್ಕೂ ಮೂಲ ಅರ್ಥ ‘ಅಳತೆ’ಯೇ. ಮೂಲ ಒಂದಾದರೆ ಬಳಕೆಯೂ ಒಂದಾಗಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಬೆಲೆಯುಳ್ಳ ಉದಾಹರಣೆ ನನಗೆ ಸಿಕ್ಕಿಲ್ಲ. ಆ ಹುಡುಗಿ ಅಂದು ಕೇಳಿದ ‘ಯಾವ ಮಾತ್ರಿ?’ ಎಂಬ ಪ್ರಶ್ನೆಯಿಂದ ಮರುದಿನ ಮುತ್ಯಾನಿಗೆ ಎರಡನೆಯ ಲಸಿಕೆ ಆಯಿತು.

ಇಂಥ ಜೋಡಿಗಳು ಇನ್ನೂ ಇವೆ. ಮರಾಠಿಯಲ್ಲಿ ರೋಗವನ್ನು ತಡೆಯುವ ದೇಹದ ಬಲಕ್ಕೆ ‘ರೋಗಪ್ರತಿಕಾರಶಕ್ತಿ’ ಎನ್ನುತ್ತಾರೆ. ಕನ್ನಡದಲ್ಲಿ ಪ್ರತೀಕಾರ ಎಂದ ಕೂಡಲೇ ಸೇಡು ನೆನಪಿಗೆ ಬರುತ್ತದೆ. ನಾವು ಹೇಳುವುದು ರೋಗನಿರೋಧಕ ಶಕ್ತಿ. ಲಸಿಕೆಯ ನಂತರ ಬರುವ ಸಣ್ಣ ಜ್ವರ, ತೋಳುನೋವುಗಳಿಗೆ ಮರಾಠಿಯ ಹಾಳೆಯಲ್ಲಿ ‘ದುಷ್ಪರಿಣಾಮ’ ಎಂದಿರುತ್ತದೆ. ಅದನ್ನು ಹಾಗೆಯೇ ಕನ್ನಡಕ್ಕೆ ಎತ್ತಿಟ್ಟು ಅಜ್ಜಿಯ ಮುಂದೆ ಓದಿದರೆ, ಈ ಸೂಜಿಯಿಂದ ಕೇಡಾಗುತ್ತದೆ ಎಂದು ಸರಕಾರವೇ ಬರೆದುಕೊಟ್ಟಂತೆ ಕೇಳುತ್ತದೆ. ‘ಅಡ್ಡಪರಿಣಾಮ’ ಎನ್ನಬಹುದು. ಅದಕ್ಕಿಂತ, “ತೋಳು ಒಂದೆರಡು ದಿನ ನೋಯ್ತದ, ಮೈ ಬೆಚ್ಚಗಾಗಬಹುದು” ಎಂದು ಹೇಳುವುದೇ ಮೇಲು. ಇನ್ನು ‘ಜ್ಯೇಷ್ಠ ನಾಗರಿಕ’. ಮರಾಠಿಯಲ್ಲಿ ಅದು ಹಿರಿಯ ನಾಗರಿಕ. ನಮ್ಮ ಹಿರಿಯರಿಗೆ ಜ್ಯೇಷ್ಠ ಎಂದರೆ ಕಾರಹುಣ್ಣಿಮೆ ಬರುವ ತಿಂಗಳು. ‘ಆಯಿ’ಯ ಮಾತಂತೂ ನಿಮಗೇ ಗೊತ್ತು. ಮರಾಠಿಯ ಆಈ ತಾಯಿ, ನಮ್ಮ ಆಯಿ ಅಜ್ಜಿ. ತಂದೆತಾಯಿಗೆ ಲಸಿಕೆ ಹಾಕಿಸಿರಿ ಎಂಬ ಮರಾಠಿ ಫಲಕವನ್ನು ಓದಿದ ಕನ್ನಡ ಶಾಲೆಯ ಹುಡುಗ ಅಜ್ಜಿಯನ್ನು ಕರೆದುಕೊಂಡು ಬಂದರೆ, ಆ ಒಂದು ತಪ್ಪು ಅನುವಾದಕ್ಕೆ ಮಾತ್ರ ನಾನು ಪೂರ್ಣಾಂಕ ಕೊಡುತ್ತೇನೆ.

ಭಾಷೆಯ ಅಡ್ಡಿ ಹಳ್ಳಿಯ ಗೋಡೆಯ ಮೇಲೆ ಮಾತ್ರ ಇರಲಿಲ್ಲ, ಮೊಬೈಲಿನಲ್ಲೂ ಇತ್ತು. ನೋಂದಣಿಯ ಕೋವಿನ್ ಜಾಲತಾಣ ಮೊದಲ ತಿಂಗಳುಗಳಲ್ಲಿ ಇಂಗ್ಲಿಷಿನಲ್ಲಿತ್ತು. ಹಿಂದಿ, ಮರಾಠಿ, ಕನ್ನಡ ಮೊದಲಾದ ಭಾಷೆಗಳಲ್ಲಿ ಅದು ದೊರೆತದ್ದು 2021ರ ಜೂನಿನಲ್ಲಿ. ಅಷ್ಟರಲ್ಲಿ ಎರಡನೆಯ ಅಲೆಯ ತೀವ್ರತೆ ಇಳಿಯತೊಡಗಿತ್ತು. ಆದರೆ ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಮೊಬೈಲು ಇಲ್ಲದವರಿಗೆ ಲಸಿಕೆ ಇಲ್ಲ ಎಂಬುದು ನಮ್ಮ ಊರುಗಳಲ್ಲಿ ಹಬ್ಬಿದ ನಂಬಿಕೆಯೇ ಹೊರತು ನಿಯಮವಾಗಿರಲಿಲ್ಲ. ಹಿರಿಯರು ಕೇಂದ್ರಕ್ಕೆ ನೇರವಾಗಿ ಹೋಗಿ ಅಲ್ಲಿಯೇ ಹೆಸರು ಬರೆಸಬಹುದಿತ್ತು. ಒಂದೇ ಫೋನಿನ ಮೇಲೆ ನಾಲ್ವರ ಹೆಸರು ನೋಂದಾಯಿಸಬಹುದಿತ್ತು. ಆಧಾರ್ ಇಲ್ಲದಿದ್ದರೆ ಮತದಾರರ ಚೀಟಿ, ಭಾವಚಿತ್ರವಿರುವ ಪಿಂಚಣಿ ಪುಸ್ತಕ ನಡೆಯುತ್ತಿತ್ತು. ಯಾವ ಗುರುತಿನ ಚೀಟಿಯೂ ಇಲ್ಲದವರಿಗಾಗಿ 2021ರ ಮೇ ತಿಂಗಳಲ್ಲಿ ಪ್ರತ್ಯೇಕ ಕ್ರಮವೂ ಬಂತು. ನಿಯಮ ಕಾಗದದಲ್ಲಿತ್ತು, ಕಾಗದ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಇತ್ತು, ಕನ್ನಡದಲ್ಲಿ ಇದ್ದದ್ದು ವದಂತಿ. ವದಂತಿಗೆ ಅನುವಾದಕರು ಬೇಕಾಗುವುದಿಲ್ಲ. ಅದು ಎಲ್ಲ ಭಾಷೆಗಳಲ್ಲೂ ತಾನೇ ಹುಟ್ಟಿಕೊಳ್ಳುತ್ತದೆ.

ನಮ್ಮ ಭಾಗದ್ದೇ ಆದ ಇನ್ನೊಂದು ತೊಡಕು ಗಡಿಯದು. ಎಷ್ಟೋ ಹಿರಿಯರ ಬದುಕು ಎರಡು ರಾಜ್ಯಗಳಲ್ಲಿ ಹಂಚಿಕೊಂಡಿದೆ: ಮಗನ ಮನೆ ಅಕ್ಕಲಕೋಟೆ ತಾಲ್ಲೂಕಿನಲ್ಲಿ, ಮಗಳ ಮನೆ ಆಳಂದದಲ್ಲೋ ಇಂಡಿಯಲ್ಲೋ. ಆ ವರ್ಷ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಹೋಗುವವರು ಕೋವಿಡ್ ಇಲ್ಲವೆಂಬ ಪರೀಕ್ಷಾ ವರದಿ ತೋರಿಸಬೇಕಾಗಿತ್ತು. ಇದರಿಂದ ಹಿರಿಯರು, ಒಂದು ರಾಜ್ಯದಲ್ಲಿ ಮೊದಲ ಸೂಜಿ ಆದವರಿಗೆ ಇನ್ನೊಂದು ರಾಜ್ಯದಲ್ಲಿ ಎರಡನೆಯದು ಕೊಡುವುದಿಲ್ಲ ಎಂದು ತಾವೇ ತೀರ್ಮಾನಿಸಿಕೊಂಡರು. ಅದೂ ತಪ್ಪು. ಅದೇ ಲಸಿಕೆ ಸಿಗುವ ಯಾವ ರಾಜ್ಯದ ಕೇಂದ್ರದಲ್ಲಾದರೂ ಎರಡನೆಯದನ್ನು ಪಡೆಯಬಹುದಿತ್ತು. ಗಡಿಯ ನಾಕೆಯನ್ನು ಕಂಡವರಿಗೆ ಇದನ್ನು ನಂಬುವುದು ಕಷ್ಟವಾಯಿತೆಂದರೆ ದೋಷ ಅವರದಲ್ಲ.

ಕಾಲದ ಲೆಕ್ಕವನ್ನು ಹೇಳುವುದೂ ಒಂದು ಅನುವಾದವೇ. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವಿನ ಅಂತರ ಆರಂಭದಲ್ಲಿ 4ರಿಂದ 6 ವಾರ ಇದ್ದದ್ದು 2021ರ ಮಾರ್ಚಿನಲ್ಲಿ 6ರಿಂದ 8 ವಾರವಾಯಿತು, ಮೇ ತಿಂಗಳಲ್ಲಿ 12ರಿಂದ 16 ವಾರವಾಯಿತು. ಅಂತರ ಹೆಚ್ಚಿದಷ್ಟು ರಕ್ಷಣೆ ಚೆನ್ನಾಗಿ ದೊರೆಯುತ್ತದೆಂದು ಸರಕಾರ ಹೇಳಿತು. ದಾಸ್ತಾನು ಇಲ್ಲದ್ದಕ್ಕೆ ಮಾತು ಬದಲಿಸುತ್ತಿದ್ದಾರೆಂದು ಕಟ್ಟೆಯ ಮೇಲೆ ಕೂತವರು ಹೇಳಿದರು. ಹಿರಿಯರ ಫೋನಿಗೆ ಬಂದದ್ದು ‘84 ದಿನ’ ಎಂಬ ಒಂದು ಅಂಕಿ. ಹುಣ್ಣಿಮೆ, ಅಮಾಸಿ, ಮಳೆಯ ನಕ್ಷತ್ರಗಳಿಂದ ಕಾಲವನ್ನು ಅಳೆಯುವವರಿಗೆ 84 ಎಂಬುದು ಎಲ್ಲಿ ಕೂರಬೇಕು? ನಮ್ಮ ಒಬ್ಬ ವಿದ್ಯಾರ್ಥಿ ಅದನ್ನು, “ಹನ್ನೆರಡು ಸಂತಿ ಆದ ಮ್ಯಾಲ ಬಾ ಆಯಿ” ಎಂದು ಹೇಳಿದ. ವಾರಕ್ಕೊಂದು ಸಂತೆ, ಹನ್ನೆರಡು ಸಂತೆ, 84 ದಿನ. ಅವನು ಪರೀಕ್ಷೆಯಲ್ಲಿ ಅನುವಾದದ ಪ್ರಶ್ನೆಗೆ ಕಡಿಮೆ ಅಂಕ ಪಡೆದಿದ್ದವನು. ಆ ಉತ್ತರಪತ್ರಿಕೆಯನ್ನು ನೋಡಿದವನು ನಾನೇ.

ಕಾಯಿಸುವುದರ ಬಗ್ಗೆಯೂ ಹಿರಿಯರಿಗೆ ಸಿಟ್ಟಿತ್ತು. “ಮುಂಜಾನಿ ಹೋದವರನ್ನ ಮಧ್ಯಾಹ್ನದ ತನಕ ಕುಂಡ್ರಸ್ತಾರ, ನಮಗೇನ ಮರ್ಯಾದಿ ಇಲ್ಲೇನು?” ಕಾರಣ ಬೇರೆ ಇತ್ತು. ಕೋವಿಶೀಲ್ಡ್‌ನ ಒಂದು ಸೀಸೆಯಲ್ಲಿ 10 ಡೋಸು ಇರುತ್ತಿದ್ದವು. ತೆರೆದ ಸೀಸೆಯನ್ನು 4 ತಾಸಿನೊಳಗೆ ಮುಗಿಸಬೇಕಾಗಿತ್ತು. ಸಣ್ಣ ಕೇಂದ್ರಗಳಲ್ಲಿ ಹತ್ತು ಜನ ಕೂಡುವವರೆಗೆ ನರ್ಸಮ್ಮ ಸೀಸೆ ತೆರೆಯಲು ಹಿಂಜರಿಯುತ್ತಿದ್ದಳು. ಇದನ್ನು ಯಾರೂ ಹೇಳದಿದ್ದುದರಿಂದ ಕಾಯುವುದು ಅವಮಾನವೆಂದು ಕಂಡಿತು. ಹೇಳಿದ ಊರುಗಳಲ್ಲಿ ಓಣಿಯ ಹತ್ತು ಮಂದಿ ಹಿರಿಯರು ಮಾತಾಡಿಕೊಂಡು ಒಂದೇ ಟಂಟಂನಲ್ಲಿ ಹೋದರು. ಬಾಡಿಗೆ ಹಂಚಿಕೆಯಾಯಿತು, ದಾರಿಯುದ್ದಕ್ಕೂ ಮಾತಾಯಿತು, ಕಾಯುವುದೂ ತಪ್ಪಿತು.

ಈಗ ಕೇಳುವ ಬಗೆಗೆ ಬರೋಣ. ‘ಯಾಕೆ ಹಾಕಿಸಿಕೊಂಡಿಲ್ಲ?’ ಎಂಬುದು ಪ್ರಶ್ನೆಯಲ್ಲ, ಆರೋಪ. ಅದಕ್ಕೆ ಉತ್ತರವಾಗಿ ಸಿಗುವುದು ಸಮರ್ಥನೆ. ಆ ನವೆಂಬರಿನಲ್ಲೇ ಒಬ್ಬ ಹೆಣ್ಣುಮಗಳು, ಅರವತ್ತೈದರ ಆಸುಪಾಸಿನವಳು, “ಮಗ ಬರಲಿ, ನೋಡೂಣು” ಎಂದಳು. ಮಗ ಸೊಸೆ ಕಬ್ಬು ಕಡಿಯಲು ಹೋಗಿದ್ದರು, ಬರುವುದು ಬೇಸಿಗೆಗೆ. ವಾಚ್ಯಾರ್ಥದಲ್ಲಿ ಇದು ಮಗನ ಅನುಮತಿಯ ಮಾತು. ವಿದ್ಯಾರ್ಥಿಗಳಿಬ್ಬರು ಮಗನಿಗೆ ಫೋನು ಹಚ್ಚಿ ಒಪ್ಪಿಗೆಯನ್ನೂ ಕೊಡಿಸಿದರು. ಆದರೂ ಅವಳು ಏಳಲಿಲ್ಲ. ಆಗ ಒಬ್ಬಳು ಕಟ್ಟೆಯ ಮೇಲೆ ಕೂತು ಬೇರೆ ರೀತಿ ಕೇಳಿದಳು.

“ಆಯಿ, ಸೂಜಿ ಮಾಡಿಸ್ಕೊಂಡ ಮ್ಯಾಲ ಏನಾಗ್ತದಂತ ಅನಸ್ತದ ನಿನಗ?”

“ಜ್ವರ ಬರ್ತದಂತಲ್ಲ. ಆಕೀ ಮನ್ಯಾಕಿ ಎರಡ ದಿನ ಎದ್ದಿದ್ದಿಲ್ಲ.”

“ಹೌದು, ಒಂದೆರಡ ದಿನ ಬರಬಹುದು. ಬಂದ್ರ?”

“ಬಂದ್ರ ಎಮ್ಮಿ ಹಿಂಡಾವ್ರ್ಯಾರು? ಈ ಕೂಸಿಗೆ ರೊಟ್ಟಿ ಮಾಡಾವ್ರ್ಯಾರು?”

ಮೊಮ್ಮಗು ಅವಳ ಸೆರಗು ಹಿಡಿದು ನಿಂತಿತ್ತು. ಅಡ್ಡಿ ಇದ್ದದ್ದು ಲಸಿಕೆಯಲ್ಲಿಯೂ ಅಲ್ಲ, ಮಗನಲ್ಲಿಯೂ ಅಲ್ಲ, ಎಮ್ಮೆಯಲ್ಲಿ. ಪಕ್ಕದ ಮನೆಯವಳು ಎರಡು ದಿನ ಎಮ್ಮೆ ಹಿಂಡಲು ಒಪ್ಪಿದಳು, ಬದಲಿಗೆ ಅರ್ಧ ಹಾಲು ಎಂದು ಮಾತಾಯಿತು. ಲಸಿಕೆಯೂ ಆಯಿತು. ಜ್ವರ ಬರಲಿಲ್ಲವಂತೆ, ಹಾಲನ್ನು ಮಾತ್ರ ಕೊಡಬೇಕಾಯಿತೆಂದು ಆಯಿ ನಂತರ ನಗುತ್ತಿದ್ದಳೆಂದು ಹುಡುಗಿಯರು ಹೇಳಿದರು.

ಇಲ್ಲಿ ಆ ವಿದ್ಯಾರ್ಥಿನಿ ಜ್ವರ ಬರುವುದೇ ಇಲ್ಲ ಎಂದು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು. ಒಪ್ಪಿಸುವ ಉತ್ಸಾಹದಲ್ಲಿ ಸುಳ್ಳು ಹೇಳಿದರೆ, ಮರುದಿನ ಬಂದ ಜ್ವರದ ಜೊತೆ ನಿಮ್ಮ ಮಾತಿನ ಬೆಲೆಯೂ ಹೋಗುತ್ತದೆ, ಎರಡನೆಯ ಡೋಸೂ ಹೋಗುತ್ತದೆ. ಲಸಿಕೆ ಹಾಕಿಸಿಕೊಂಡವರಿಗೂ ಕೋವಿಡ್ ಬಂತು. ಆದರೆ ರೋಗ ಉಲ್ಬಣವಾಗಿ ಪ್ರಾಣಕ್ಕೆ ಎರವಾಗುವ ಸಂಭವ ಬಹಳ ಕಡಿಮೆಯಾಯಿತು. ಹೇಳಬೇಕಾದದ್ದು ಅಷ್ಟನ್ನೇ. ಹಿಂದೆ ಯಾವುದಾದರೂ ಸೂಜಿಯಿಂದ ಮೈಯೆಲ್ಲ ದದ್ದು ಎದ್ದಿದೆ, ಉಸಿರು ಕಟ್ಟಿದೆ ಎಂದು ಹಿರಿಯರು ಹೇಳಿದರೆ ಭಾಷಾಂತರಕಾರ ಅಲ್ಲಿಗೆ ಬಾಯಿ ಮುಚ್ಚಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ನಾವು ಮಾತಿನ ವಿದ್ಯಾರ್ಥಿಗಳು, ಮದ್ದಿನವರಲ್ಲ. ಎಲ್ಲವನ್ನೂ ಕೇಳಿ ತಿಳಿದ ಮೇಲೂ ಒಬ್ಬರು ಒಲ್ಲೆ ಎಂದರೆ ಅದು ಅವರ ಮಾತು; ಪಡಿತರ ನಿಲ್ಲುತ್ತದೆ, ಪಿಂಚಣಿ ನಿಲ್ಲುತ್ತದೆ ಎಂದು ಹೆದರಿಸುವುದು ಅನುವಾದವಲ್ಲ. ಕೆಲವು ಕಡೆ ಹಾಗೆ ಹೆದರಿಸಿದ್ದನ್ನು ನಾನು ಕೇಳಿದ್ದೇನೆ, ಅದರಿಂದ ಆರೋಗ್ಯ ಸೇವಕಿಯರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವವರು ಹೆಚ್ಚಿದ್ದನ್ನೂ ಕಂಡಿದ್ದೇನೆ.

ಕೋವಿಡ್ ಹಿಂದೆ ಸರಿದ ಮೇಲೆ ಈ ಪಾಠವೇಕೆ ಎಂದು ಕೇಳಬಹುದು. ವಯಸ್ಸಾದವರಿಗೆ ಉಪಯೋಗವಾಗುವ ಬೇರೆ ಲಸಿಕೆಗಳಿವೆ. ಇನ್‌ಫ್ಲುಯೆಂಜಾ ಜ್ವರದ ವೈರಾಣು ವರ್ಷವರ್ಷಕ್ಕೂ ರೂಪ ಬದಲಿಸುವುದರಿಂದ ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಎಂಬ ರೋಗಾಣುವಿಗೆ ಲಸಿಕೆ ಇದೆ. ಸರ್ಪಸುತ್ತಿಗೂ ಇದೆ, ಮರಾಠಿಯಲ್ಲಿ ಆ ರೋಗವನ್ನು ನಾಗೀಣ ಎನ್ನುತ್ತಾರೆ, ಎರಡೂ ಭಾಷೆಯವರಿಗೆ ಹಾವೇ ಕಂಡಿದೆ. ಸಕ್ಕರೆ ರೋಗ, ದಮ್ಮು, ಹೃದಯದ ತೊಂದರೆ ಇರುವ ಹಿರಿಯರು ಇವುಗಳಲ್ಲಿ ತಮಗೆ ಯಾವುದು ಬೇಕೆಂದು ವೈದ್ಯರನ್ನು ಕೇಳಬೇಕು. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮ ಮುಖ್ಯವಾಗಿ ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಮೀಸಲಾದದ್ದು. ಹಿರಿಯರು ಇವನ್ನು ಬಹುಮಟ್ಟಿಗೆ ಹಣ ಕೊಟ್ಟೇ ಪಡೆಯಬೇಕಾಗುತ್ತದೆ. ಆದ್ದರಿಂದ ‘ಬ್ಯಾಡ’ದ ಒಳಗೆ ಈಗ ರೊಕ್ಕದ ಧ್ವನಿಯೂ ಸೇರಿರುತ್ತದೆ. ಮಗನ ಜೇಬಿಗೆ ಭಾರವಾಗಬಾರದೆಂದು ಬ್ಯಾಡ ಎನ್ನುವ ತಾಯಂದಿರನ್ನು ಗುರುತಿಸಲು ಯಾವ ಲಕ್ಷಣಗ್ರಂಥವೂ ಬೇಕಾಗಿಲ್ಲ.

ಅಭ್ಯಾಸಕ್ಕೆ

ನಿಮ್ಮ ಮನೆಯ ಅಥವಾ ಓಣಿಯ 65 ದಾಟಿದ ಒಬ್ಬ ಹಿರಿಯರ ಬಳಿ ಕೂತು ತೋಳಿನ ದೇವಿಯ ಗುರುತಿನ ಕತೆಯನ್ನು ಕೇಳಿ, ಅವರು ಬಳಸಿದ ಶಬ್ದಗಳಲ್ಲಿಯೇ ಬರೆದುಕೊಳ್ಳಿರಿ. ತಿದ್ದಬೇಡಿರಿ, ಗ್ರಂಥಸ್ಥ ಕನ್ನಡಕ್ಕೆ ತರಬೇಡಿರಿ.

ಊರಿನ ಆರೋಗ್ಯ ಉಪಕೇಂದ್ರದ ಗೋಡೆಯ ಮೇಲಿರುವ ಯಾವುದಾದರೂ ಒಂದು ಮರಾಠಿ ಸೂಚನೆಯನ್ನು ನಿಮ್ಮ ಊರಿನ ಕನ್ನಡಕ್ಕೆ ಅನುವಾದಿಸಿ, ಅದೇ ಹಿರಿಯರಿಗೆ ಓದಿ ಹೇಳಿರಿ. ಆಮೇಲೆ ಅವರಿಗೆ ಏನು ತಿಳಿಯಿತೆಂದು ಅವರ ಬಾಯಿಂದಲೇ ಕೇಳಿರಿ. ಅವರ ಮಾತು ಸೂಚನೆಗಿಂತ ಬೇರೆಯಾದರೆ ಅನುವಾದವನ್ನು ಮತ್ತೆ ಮಾಡಿರಿ, ಹಿರಿಯರನ್ನು ತಿದ್ದಲು ಹೋಗಬೇಡಿರಿ. ಕನ್ನಡದಲ್ಲೂ ಮರಾಠಿಯಲ್ಲೂ ರೂಪ ಒಂದೇ ಇದ್ದು ಅರ್ಥ ಬೇರೆಯಾದ, ಆರೋಗ್ಯಕ್ಕೆ ಸಂಬಂಧಿಸಿದ ಐದು ಶಬ್ದಗಳನ್ನೂ ಜೊತೆಗೆ ಕೊಡಿರಿ. ಮಾತ್ರೆಯನ್ನು ನಾನಾಗಲೇ ಬಳಸಿಕೊಂಡಿದ್ದೇನೆ.

ಹಿರಿಯರ ಹೆಸರನ್ನು ಬರೆಯಬಾರದು. ವಯಸ್ಸು ಮತ್ತು ಊರು ಸಾಕು. ಬರಹಗಳನ್ನು ದೀಪಾವಳಿ ರಜೆ ಮುಗಿದ ಮೊದಲ ವಾರದಲ್ಲಿ ವಿಭಾಗಕ್ಕೆ ತಲುಪಿಸಬೇಕು. ಕೇಳಲು ಹೋದಾಗ ಹಿರಿಯರು “ಬ್ಯಾಡವಾ, ಈಗ ಕೆಲಸದಾಗ ಅದೀನಿ” ಎಂದರೆ, ಕೆಲಸ ಯಾವುದೆಂದು ನೋಡಿ, ಕೈಜೋಡಿಸಿ, ಆಮೇಲೆ ಕೇಳಿರಿ.